ದುರ್ಗದಬೈಲಿನ ಪತ್ತಾರರು ಓದಿದ ನಮ್ಮವ್ವನ ಬೆಳ್ಳಿ

ಹಳೆಯ ಬೆಳ್ಳಿ ಸಾಮಾನಿನ ತಳದಲ್ಲಿ ಒತ್ತಿರುವ ಠಸ್ಸೆಗಳನ್ನು ಓದಿ ಹೇಳುವವರು ನಮ್ಮ ಕಡೆ ಯಾರಾದರೂ ಇದ್ದಾರಾ ಅಂತ ಎರಡು ತಿಂಗಳು ಹುಡುಕಿದೆ. ಇದ್ದಾರೆ, ಹುಬ್ಬಳ್ಳಿಯಲ್ಲೇ ಇದ್ದಾರೆ. ಅವರ ಬಗ್ಗೆ ಬರೆಯಲಿಕ್ಕೇ ಕೂತಿದ್ದೇನೆ. ಹೆಸರು, ಫೋನ್ ನಂಬರ್ ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಅದಕ್ಕೆ ಹಾಕುತ್ತಿಲ್ಲ. ದುರ್ಗದಬೈಲಿಗೆ ಹೋಗಿ, ಬೆಳ್ಳಿಗೆ ಬೆಸುಗೆ ಹಾಕುವ ವಯಸ್ಸಾದ ಪತ್ತಾರರು ಎಲ್ಲಿ ಕೂಡುತ್ತಾರೆ ಅಂತ ಕೇಳಿ. ಯಾರಾದರೂ ತೋರಿಸುತ್ತಾರೆ.

ಅವ್ವ ಹೋಗಿ ವರ್ಷವಾದ ಮೇಲೆ ನಾವು ಮೂವರು ಅಕ್ಕತಂಗಿಯರು ಧಾರವಾಡದ ಹೊಸಯಲ್ಲಾಪುರದ ಮನೆಯಲ್ಲಿ ಕೂತು ಟ್ರಂಕು ತೆಗೆದೆವು. ಬೆಳ್ಳಿಯೆಲ್ಲ ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿತ್ತು. ಒಂದು ತಂಬಿಗೆ, ಒಂದು ಆರತಿ ತಟ್ಟೆ, ಇಷ್ಟಲಿಂಗದ ಕರಡಿಗೆ, ಆರು ಚಮಚ, ನಾವು 'ಸಾಹೇಬರ ಡಬ್ಬಿ' ಅನ್ನುತ್ತಿದ್ದ ಚಪ್ಪಟೆ ಡಬ್ಬಿ, ಮತ್ತೆ ತಂಗಿಯ ಮಗಳಿಗಂತ ಅವ್ವ ಕೊನೆಯ ವರ್ಷ ಕೊಂಡಿದ್ದ ಪೈಜಣ. ಇಷ್ಟೇ.

ಮೊದಲು ಊರಲ್ಲೇ ಒಂದು ಅಂಗಡಿಗೆ ಒಯ್ದೆವು. ಅಲ್ಲಿ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರು. ತಂಬಿಗೆಯ ಕುತ್ತಿಗೆಯ ಹತ್ತಿರ ಗೀರಿ, ಒರೆಗಲ್ಲಿಗೆ ತಿಕ್ಕಿ ನೋಡಿ, '60 ಟಂಚ್' ಎಂದರು. ಅಂದರೆ ನೂರು ಗ್ರಾಮಿಗೆ 60 ಗ್ರಾಂ ಮಾತ್ರ ಬೆಳ್ಳಿ. ಹಳೇದು ಹೀಗೇ ಇರುತ್ತದೆ, ಕರಗಿಸಿ ಹೊಸದು ಮಾಡಿಸಿಕೊಳ್ಳಿ ಎಂದರು. ಡಬ್ಬಿಯ ಒಳಗಿನ ಚಿಕ್ಕ ಗುರುತುಗಳು ಏನು ಅಂತ ಕೇಳಿದೆ. ಕಂಪನಿ ಮಾರ್ಕ್ ಎಂದರು. ಯಾವ ಕಂಪನಿ ಎಂದರೆ ಉತ್ತರ ಇಲ್ಲ. ಐದು ನಿಮಿಷದಲ್ಲಿ ನಮ್ಮ ನಾಲ್ಕು ತಲೆಮಾರಿನ ಸಾಮಾನು ಒಂದು ಸಂಖ್ಯೆ ಆಗಿಬಿಟ್ಟಿತು. ಅಕ್ಕ ಮಾರೋಣ ಅಂದಳು. ನಾನು ಗಂಟು ಕಟ್ಟಿಕೊಂಡು ಮನೆಗೆ ಬಂದೆ.

ನಂತರ ಒಂದು ಮಂಗಳವಾರ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಪತ್ತಾರರ ಜಾಗ ಆರು ಅಡಿ ಅಗಲವೂ ಇಲ್ಲ. ಒಂದು ಅಗ್ಗಿಷ್ಟಿಕೆ, ಊದುಗೊಳವೆ, ಮೂರು ನಾಲ್ಕು ಅರ, ಗೋಡೆಗೆ ಸಿದ್ಧಾರೂಢರ ಫೋಟೋ. ಬೀದಿಯ ಕಡೆ ಒಂದೇ ಕಿಟಕಿ. ಎಪ್ಪತ್ತು ದಾಟಿದ ವಯಸ್ಸು. ನಾನು ಗಂಟು ಬಿಚ್ಚುತ್ತಿದ್ದ ಹಾಗೆ ಮೊದಲ ಮಾತೇ ಹೀಗೆ ಬಂತು: "ಅಕ್ಕಾರ, ಮೊದಲ ಹೇಳತೀನಿ. ನಾ ಕೊಳ್ಳೂದಿಲ್ಲ, ಮಾರಸೂದೂ ಇಲ್ಲ. ಓದಿ ಹೇಳೂದಷ್ಟ ನನ್ನ ಕೆಲಸ. ಒಂದಕ್ಕ ಐವತ್ತು ರೂಪಾಯಿ."

ನನ್ನ ಪ್ರಕಾರ ಈ ಮಾತೊಂದಕ್ಕೇ ಅವರ ಹತ್ತಿರ ಹೋಗಬಹುದು. ಕೊಳ್ಳುವವರೇ ಓದಿದರೆ ಓದಿನಲ್ಲಿ ಅವರ ಲಾಭವೂ ಸೇರುತ್ತದೆ. ಇವರಿಗೆ ನಮ್ಮ ಬೆಳ್ಳಿ ಹೆಚ್ಚಾದರೂ ಕಡಿಮೆಯಾದರೂ ಬರುವುದು ಐವತ್ತೇ ರೂಪಾಯಿ.

ಡಬ್ಬಿಯಿಂದ ಶುರು ಮಾಡಿದರು. ಅದು ಅವ್ವನ ಅಜ್ಜನದು. ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಊರಿಗೆ ಹೊರಟ ಒಬ್ಬ ಇಂಗ್ಲಿಷ್ ಸಾಹೇಬ ಕೊಟ್ಟು ಹೋದದ್ದು ಅಂತ ಮನೆಯ ಮಾತು. ಸಿಗರೇಟು ಇಡುವ ಡಬ್ಬಿ. ನಮ್ಮ ಮನೆಯಲ್ಲಿ ಅದರಲ್ಲಿ ಅಡಕೆ ಇರುತ್ತಿತ್ತು. ವಿಕ್ಟೋರಿಯಾ ರಾಣಿ ಕಾಲದ್ದು ಅಂತ ಅವ್ವ ಎಲ್ಲರಿಗೂ ಹೇಳುತ್ತಿದ್ದಳು.

ಮುಚ್ಚಳದ ಒಳಗಡೆ ಅಂಚಿಗೆ, ಸಾಲಾಗಿ ನಾಲ್ಕು ಗುರುತು. ಅಕ್ಕಿ ಕಾಳಿನಷ್ಟು ದೊಡ್ಡವೂ ಅಲ್ಲ. ನಾನು ಮನೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ದೆ, ಬರೀ ಹೊಳಪು ಕಂಡಿತ್ತು. ಇವರು ಬೇರೆಯೇ ಮಾಡಿದರು. ಲೈಟ್ ಆರಿಸಿದರು. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಮೆಲ್ಲಗೆ ತಿರುಗಿಸಿದರು. ನೇರ ಬೆಳಕಿನಲ್ಲಿ ಠಸ್ಸೆ ಕಾಣುವುದಿಲ್ಲ, ಓರೆ ಬೆಳಕು ಬಿದ್ದಾಗ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ಆಮೇಲೆ ಒಂದು ಮೇಣದ ಬತ್ತಿ ಹಚ್ಚಿ, ಗುರುತಿನ ಮೇಲೆ ತೆಳ್ಳಗೆ ಮಸಿ ಹಿಡಿಸಿದರು. ಅದರ ಮೇಲೆ ಸೆಲ್ಲೋ ಟೇಪ್ ಒತ್ತಿ, ಕಿತ್ತು, ಬಿಳಿ ಹಾಳೆಗೆ ಅಂಟಿಸಿದರು. ನೂರು ವರ್ಷ ನಮ್ಮ ಕೈಯಲ್ಲಿದ್ದು ನಾವು ನೋಡದ ನಾಲ್ಕು ಚಿತ್ರಗಳು ಹಾಳೆಯ ಮೇಲೆ ಕಪ್ಪಾಗಿ ಬಂದವು. ಮಸಿಯನ್ನು ಹತ್ತಿಯಿಂದ ಒರೆಸಿದರು, ಡಬ್ಬಿಗೆ ಏನೂ ಆಗಲಿಲ್ಲ.

ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ನನ್ನ ಕೈಗೂ ಕೊಟ್ಟರು. ಮೊದಲನೆಯದು ಎರಡು ಇಂಗ್ಲಿಷ್ ಅಕ್ಷರ, ಮಾಡಿದವನ ಹೆಸರಿನ ಗುರುತು. ಒಂದು ಅಕ್ಷರ ಸವೆದು ಹೋಗಿದೆ. ಎರಡನೆಯದು ಹಡಗಿನ ಲಂಗರು. ಮೂರನೆಯದು ಮುಂಗಾಲು ಎತ್ತಿ ನಡೆಯುವ ಸಿಂಹ. ನಾಲ್ಕನೆಯದು ಸಣ್ಣ ಅಕ್ಷರದ ಎನ್.

ಸಿಂಹ ಇದ್ದರೆ ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಸ್ಟರ್ಲಿಂಗ್ ಬೆಳ್ಳಿ, ಸಾವಿರಕ್ಕೆ 925 ಪಾಲು. ಲಂಗರು ಅಂದರೆ ಬರ್ಮಿಂಗ್‌ಹ್ಯಾಮ್. ಆ ಊರಿಗೆ ಸಮುದ್ರವೇ ಇಲ್ಲ, ಗುರುತು ಮಾತ್ರ ಲಂಗರು. ಚಿರತೆಯ ಮುಖ ಇದ್ದರೆ ಲಂಡನ್, ಕಿರೀಟ ಇದ್ದರೆ ಶೆಫೀಲ್ಡ್. 1975ರಿಂದ ಶೆಫೀಲ್ಡಿನ ಕಿರೀಟ ಹೋಗಿ ಗುಲಾಬಿ ಬಂತು. ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಕಡೆ ಪರೀಕ್ಷೆಯ ಕಚೇರಿ ಶುರುವಾದದ್ದು 1773ರಲ್ಲಿ. ಅಂದರೆ ಮಾಡಿದವನು ಬೇರೆ, ಪರೀಕ್ಷೆ ಮಾಡಿ ಒತ್ತಿದವನು ಬೇರೆ. ಅದಕ್ಕೇ ಆ ನಾಲ್ಕು ಗುರುತಿಗೆ ಅಷ್ಟು ಬೆಲೆ.

ಅಕ್ಷರ ಇರುವುದು ವರ್ಷಕ್ಕೆ. ಪ್ರತಿ ವರ್ಷ ಒಂದು ಅಕ್ಷರ ಮುಂದೆ ಹೋಗುತ್ತದೆ, ಅಕ್ಷರ ಮುಗಿದರೆ ಬರವಣಿಗೆಯ ಶೈಲಿ ಬದಲಿಸಿ ಮತ್ತೆ ಎ ಇಂದ ಶುರು. ಬರ್ಮಿಂಗ್‌ಹ್ಯಾಮಿನಲ್ಲಿ 1900ಕ್ಕೆ ಸಣ್ಣ ಎ. ಜೆ ಅಕ್ಷರ ಬಿಟ್ಟು ಎಣಿಸಬೇಕು. ಅವರು ಎಣಿಸಲಿಲ್ಲ, ನನಗೆ ಎಣಿಸಲು ಹೇಳಿದರು. ನಾನು ಬೆರಳು ಮಡಚುತ್ತ ಹೋದೆ. ಎ 1900, ಬಿ 1901... ಎಮ್ 1911, ಎನ್ 1912. ಗಂಟಲು ಕಟ್ಟಿತು. ಅವ್ವನ ಅಜ್ಜ ಅದೇ ಕಾಲದಲ್ಲಿ ವರ್ಕ್‌ಶಾಪಿನಲ್ಲಿದ್ದರು ಅಲ್ವಾ!

"ಹಂಗಾರ ವಿಕ್ಟೋರಿಯಾ ರಾಣಿ ಕಾಲದ್ದಲ್ಲೇನ್ರಿ ಕಾಕಾರ?" ಅಂದೆ.

"ಅಲ್ಲರಿ. ರಾಣಿ ಹೋಗಿದ್ದು 1901ಕ್ಕ. ಮತ್ತ ಆಕಿ ಕಾಲದ್ದಾಗಿದ್ರ ರಾಣಿ ಮಾರಿ ಇರಬೇಕಿತ್ತು."

ಅದರ ಲೆಕ್ಕ ಹೀಗೆ. ಇಂಗ್ಲೆಂಡಿನಲ್ಲಿ 1784ರಿಂದ 1890ರವರೆಗೆ ಬೆಳ್ಳಿಗೆ ತೆರಿಗೆ ಇತ್ತು. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಆಗಿನ ರಾಜನ ಅಥವಾ ರಾಣಿಯ ತಲೆಯನ್ನು ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ 1887ರಲ್ಲೂ ಎನ್ ಅಕ್ಷರವೇ. ಆದರೆ ಅದರ ಬರವಣಿಗೆ ಹಳೆಯ ಶೈಲಿಯದು, ಪಕ್ಕದಲ್ಲಿ ರಾಣಿಯ ತಲೆಯೂ ಇರುತ್ತದೆ. ನಮ್ಮದರಲ್ಲಿ ತಲೆ ಇಲ್ಲ, ಅಕ್ಷರ ಸಾದಾ. 1937ರದು ಆಗಿದ್ದರೆ ದೊಡ್ಡ ಎನ್ ಇರಬೇಕಿತ್ತು. ಹೀಗೆ ಒಂದೊಂದೇ ಬಿಡಿಸಿ ಹೇಳಿದರು. ಕೇಳಲಿಕ್ಕೆ ತುಂಬಾ ಚಂದ.

ಚಮಚಗಳ ಮೇಲೆ ನನಗೆ ಜಾಸ್ತಿ ಆಸೆ ಇತ್ತು. ಹಿಡಿಯ ಹಿಂದೆ ನಾಲ್ಕು ಚೌಕ, ಒಂದೊಂದರಲ್ಲಿ ಒಂದು ಅಕ್ಷರ: ಇ, ಪಿ, ಎನ್, ಎಸ್. ನೋಡಲಿಕ್ಕೆ ಡಬ್ಬಿಯ ಠಸ್ಸೆಯ ಹಾಗೇ ಸಾಲಾಗಿವೆ. ಇವು ಬೆಳ್ಳಿಯ ಗುರುತಲ್ಲ. ಒಳಗೆ ತಾಮ್ರ, ನಿಕ್ಕಲ್, ಸತುವು ಸೇರಿದ ಲೋಹ, ಮೇಲೆ ಬೆಳ್ಳಿಯ ಲೇಪ. ವಿದ್ಯುತ್ತಿನಿಂದ ಹೀಗೆ ಬೆಳ್ಳಿ ಕೂರಿಸುವ ಕೆಲಸಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ಪೇಟೆಂಟ್ ಪಡೆದದ್ದು 1840ರಲ್ಲಿ. ಈಗ ಪೂಜೆ ಸಾಮಾನಿನ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಅಂತ ಮಾರುತ್ತಾರಲ್ಲ, ಒಳಗಿನ ಲೋಹ ಅದೇ ಜಾತಿಯದು. ಹೆಸರಿನಲ್ಲಿ ಸಿಲ್ವರ್ ಇದೆ, ಲೋಹದಲ್ಲಿ ಬೆಳ್ಳಿ ಇಲ್ಲ. ಚಮಚದ ತುದಿಯಲ್ಲಿ ಲೇಪ ಸವೆದು ಹಳದಿ ಛಾಯೆ ಕಾಣುತ್ತಿತ್ತು. ಅದನ್ನೂ ಭೂತಗನ್ನಡಿಯಲ್ಲಿ ತೋರಿಸಿದರು. ಬೇಜಾರಾಯಿತು. ಆದರೆ ಮಾರುವಾಗ ಯಾರೋ ಮುಖಕ್ಕೆ ಹೇಳುವುದಕ್ಕಿಂತ ಈಗ ಗೊತ್ತಾದದ್ದು ಒಳ್ಳೆಯದು.

ಈಗ ತಂಬಿಗೆ. ಇದಕ್ಕಾಗಿಯೇ ನಾನು ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಅಜ್ಜಿ ಅದನ್ನು 'ಮೂವತ್ತಾರು ರೂಪಾಯಿ ತಂಬಿಗಿ' ಅನ್ನುತ್ತಿದ್ದಳು. ಆ ಕಾಲಕ್ಕೆ ಕೊಟ್ಟ ಬೆಲೆ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. ಪತ್ತಾರರು ತಂಬಿಗೆ ಮಗುಚಿ ತಳಕ್ಕೆ ಮಸಿ ಹಿಡಿಸಿ ಟೇಪ್ ಒತ್ತಿದರು. ಹಾಳೆಯ ಮೇಲೆ ಬಂದದ್ದು ಎರಡು ಕನ್ನಡ ಅಂಕಿ: ೩೬. ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಹೊಡೆದದ್ದು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕೀ ತಿಕ್ಕೀ ಅರ್ಧ ಅಳಿಸಿತ್ತು. ನಾನು ಅದನ್ನು ಗೀರು ಅಂದುಕೊಂಡಿದ್ದೆ.

ತಕ್ಕಡಿಗೆ ಇಟ್ಟರು. 417 ಗ್ರಾಂ. ಆಮೇಲೆ ಒಂದು ಡಬ್ಬಿಯಿಂದ ಐದನೇ ಜಾರ್ಜ್ ರಾಜನ ಬೆಳ್ಳಿ ರೂಪಾಯಿ ತೆಗೆದು ನನ್ನ ಅಂಗೈಗೆ ಇಟ್ಟರು. "ಇದು 11.66 ಗ್ರಾಂ. ಒಂದು ತೊಲಿ. ಮೂವತ್ತಾರು ಪಟ್ಟು ಮಾಡ್ರಿ."

ಮೊಬೈಲಿನಲ್ಲಿ ಗುಣಿಸಿದೆ. 419.76.

ಬೆಲೆಯಲ್ಲ, ತೂಕ! ಆಗ ಮಂದಿ ಕೂಡಿಟ್ಟ ರೂಪಾಯಿಗಳನ್ನೇ ಪತ್ತಾರರಿಗೆ ಒಯ್ದು ಕೊಡುತ್ತಿದ್ದರು. ಅವರು ಮೂಸೆಯಲ್ಲಿ ಕರಗಿಸಿ, ಬಡಿದು, ಪಾತ್ರೆ ಮಾಡಿ, ಎಷ್ಟು ರೂಪಾಯಿ ಕೊಟ್ಟಿದ್ದರೋ ಅಷ್ಟು ತೂಕ ತಿರುಗಿ ಕೊಡುತ್ತಿದ್ದರು. ಮೋಸ ಆಗಿಲ್ಲ ಅನ್ನಲಿಕ್ಕೆ ತಳದಲ್ಲಿ ತೂಕ ಹೊಡೆಯುತ್ತಿದ್ದರು. ಇಷ್ಟು ವರ್ಷ ತಿಕ್ಕಿದ್ದಕ್ಕೆ ಎರಡೂ ಮುಕ್ಕಾಲು ಗ್ರಾಂ ಸವೆದಿದೆ, ಅಷ್ಟೆ. ಯಾರದೋ ಮೂವತ್ತಾರು ರೂಪಾಯಿ ಉಳಿತಾಯ ಅದು. ನಮ್ಮ ಮನೆಯ ಯಾವುದೋ ಹೆಣ್ಣುಮಗಳು ಸೀರೆಯ ಗಂಟಿನಲ್ಲಿ ಕೂಡಿಟ್ಟದ್ದೇ ಇರಬೇಕು ಅಂತ ನನ್ನ ಮನಸ್ಸು ಹೇಳುತ್ತದೆ.

ಹಾಗಾದರೆ 60 ಟಂಚ್ ಹೇಗೆ ಬಂತು? ಆ ಹಳೆಯ ರೂಪಾಯಿಯಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಆ ಬೆಳ್ಳಿ 1940ರಲ್ಲಿ ನೂರಕ್ಕೆ 50 ಪಾಲಿಗೆ ಇಳಿಯಿತು, 1947ರಲ್ಲಿ ನಿಕ್ಕಲ್ ರೂಪಾಯಿ ಬಂತು. ಪತ್ತಾರರು ಮೊದಲಿನ ಅಂಗಡಿಯವರು ಗೀರಿದ ಜಾಗ ನೋಡಿದರು. "ಬೆಸುಗಿ ಮ್ಯಾಲೆ ಗೀರ್ಯಾರ ನೋಡ್ರಿ. ಅಲ್ಲಿ ಬ್ಯಾರೆ ಲೋಹ ಕೂಡಿರತೈತಿ. ಹೊಟ್ಟಿ ಮ್ಯಾಲೆ ನೋಡಬೇಕು." ಕುತ್ತಿಗೆ ಮತ್ತು ಹೊಟ್ಟೆ ಬೇರೆ ಬೇರೆ ಮಾಡಿ ಸೇರಿಸಿದ ಜಾಗ ಅದು. ಬೆಸುಗೆ ಬೆಳ್ಳಿಗಿಂತ ಬೇಗ ಕರಗಬೇಕು, ಅದಕ್ಕೇ ಅದರಲ್ಲಿ ತಾಮ್ರ, ಸತುವು ಸೇರಿಸುತ್ತಾರೆ. ಪಾದದ ಒಳಗಡೆ, ಕಾಣದ ಜಾಗದಲ್ಲಿ ಅರದಿಂದ ಕೂದಲೆಳೆಯಷ್ಟು ಉಜ್ಜಿ, ಒರೆಗಲ್ಲಿನ ಮೇಲೆ ಎಳೆದರು. ಪಕ್ಕದಲ್ಲೇ ರೂಪಾಯಿಯನ್ನೂ ಎಳೆದರು. ಎರಡು ಗೀರು ಒಂದೇ ಬಣ್ಣ.

ಆದರೂ ಕಲ್ಲಿನ ಮೇಲೆ ಪೂರ್ತಿ ನಂಬಬೇಡಿ, ಹಾಲ್‌ಮಾರ್ಕಿಂಗ್ ಸೆಂಟರಿನ ಮಷಿನ್ನಿನಲ್ಲಿ ಎರಡು ಕಡೆ ಇಡಿಸಿ ಎಂದು ಅವರೇ ಕಳಿಸಿದರು. ಹೋದೆ. ಅದು ಎಕ್ಸ್‌ರೇ ಮಷಿನ್. ಗೀರಬೇಕಿಲ್ಲ, ಕರಗಿಸಬೇಕಿಲ್ಲ. ಆದರೆ ಮೇಲಿನ ಪದರವನ್ನಷ್ಟೇ ನೋಡುತ್ತದೆ. ದಪ್ಪ ಲೇಪ ಇದ್ದರೆ ಅದಕ್ಕೂ ಮೋಸವಾಗುತ್ತದೆ. ಅದಕ್ಕೇ ಅರ ಹಾಕಿದ ಜಾಗವನ್ನೇ ಇಡಿಸಲು ಹೇಳಿದ್ದರು. ಪಾದದ ಹತ್ತಿರ 91, ಕುತ್ತಿಗೆಯ ಹತ್ತಿರ 64 ಬಂತು. 60 ಟಂಚ್ ಅಂತ ಒಪ್ಪಿಕೊಂಡಿದ್ದರೆ 250 ಗ್ರಾಂ ಬೆಳ್ಳಿಯ ದುಡ್ಡು ಸಿಗುತ್ತಿತ್ತು. 91ರ ಲೆಕ್ಕದಲ್ಲಿ ಅದು 379 ಗ್ರಾಂ. ಒಂದು ತಂಬಿಗೆಯಲ್ಲಿ 129 ಗ್ರಾಮಿನ ವ್ಯತ್ಯಾಸ. ಮೊದಲಿನ ಅಂಗಡಿಯವರು ಬೇಕಂತ ಮಾಡಿದರೋ ಗೊತ್ತಿಲ್ಲದೆ ಮಾಡಿದರೋ, ನಾನು ಮತ್ತೆ ಅಲ್ಲಿಗೆ ಹೋಗುವುದಿಲ್ಲ.

ಆರತಿ ತಟ್ಟೆಗೆ ಯಾವ ಗುರುತೂ ಇಲ್ಲ, ಬೆಳ್ಳಿ ಸರಿಯಾಗಿದೆ. ಪೈಜಣದ ಕೊಂಡಿಯಲ್ಲಿ 925 ಅಂತ ಇದೆ. ಬರೀ ಅಂಕಿ ಹಾಲ್‌ಮಾರ್ಕ್ ಅಲ್ಲ, ಅದು ಅಂಗಡಿಯವರ ಮಾತು ಮಾತ್ರ. ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ತ್ರಿಕೋನದ ಗುರುತು ಇರಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕಿನಲ್ಲೂ ಆರು ಅಕ್ಷರ–ಅಂಕಿಯ ಎಚ್‌ಯುಐಡಿ ಅನ್ನುವ ಗುರುತಿನ ಸಂಖ್ಯೆ ಬಂದಿದೆ, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಬಂಗಾರದ ಹಾಗೆ ಬೆಳ್ಳಿಗೆ ಅದು ಕಡ್ಡಾಯವಲ್ಲ. ಹಾಗಾಗಿ ನಾವೇ ಕೇಳಿ ಪಡೆಯಬೇಕು.

ಉಳಿದದ್ದು ಕರಡಿಗೆ. ತಳದಲ್ಲಿ ಒಂದೇ ಠಸ್ಸೆ, ಬಿಲ್ವದ ಎಲೆಯ ಆಕಾರ, ಒಳಗೆ ಒಂದು ಅಕ್ಷರ, ಕೆಳಗೆ ಮೂರು ಚುಕ್ಕೆ. ಅಕ್ಷರ ನನಗೆ 'ಗ' ಅನ್ನಿಸಿತು. ಅವರು ಬಹಳ ಹೊತ್ತು ನೋಡಿದರು. ತಮ್ಮ ನೋಟ್‌ಬುಕ್ ತೆಗೆದರು. ಇಂಥ ನೋಟ್‌ಬುಕ್ ನಾನು ಎಲ್ಲೂ ನೋಡಿಲ್ಲ. ನಲವತ್ತು ವರ್ಷದಿಂದ ಕೈಗೆ ಬಂದ ಒಂದೊಂದು ಠಸ್ಸೆಯೂ ಮಸಿಯಲ್ಲಿ, ಟೇಪಿನ ಕೆಳಗೆ ಕೂತಿದೆ. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಹೆಸರು ಒತ್ತಿದ ಒಂದು ತಟ್ಟೆಯದಿತ್ತು. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿಯ ಆನೆ ಇತ್ತು. ಭುಜ್ ಊರಿನ ಊಮರ್ಸಿ ಮಾವಜಿಯವರ ಓ, ಎಮ್ ಅಕ್ಷರವನ್ನು ಮಾತ್ರ ಒಂದು ಫೋಟೋದಿಂದ ಕೈಯಲ್ಲಿ ಬರೆದುಕೊಂಡಿದ್ದಾರೆ, ಇನ್ನೂ ಕಣ್ಣಾರೆ ನೋಡಿಲ್ಲವಂತೆ. ಬ್ರಿಟಿಷರ ಕಾಲದಲ್ಲಿ ನಮ್ಮಲ್ಲಿ ಬರ್ಮಿಂಗ್‌ಹ್ಯಾಮಿನಂಥ ಪರೀಕ್ಷೆಯ ಕಚೇರಿ ಇರಲಿಲ್ಲ. ಅಂಗಡಿಯವರು ತಮ್ಮದೇ ಗುರುತು ಒತ್ತುತ್ತಿದ್ದರು. ಕೆಲವರು ಇಂಗ್ಲಿಷ್ ಠಸ್ಸೆಯ ಹಾಗೆ ಕಾಣುವಂತೆಯೂ ಮಾಡುತ್ತಿದ್ದರು. ಅದಕ್ಕೇ ಸಿಂಹದಂಥದ್ದು ಏನೋ ಕಂಡ ಕೂಡಲೇ ಸ್ಟರ್ಲಿಂಗ್ ಅಂದುಕೊಳ್ಳಬಾರದು.

ನಮ್ಮ ಠಸ್ಸೆ ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. "ಕೆಲಸ ಬಾಳ ಚಲೋ ಐತಿ. ಯಾರದು ಅಂತ ನನಗ ಗೊತ್ತಿಲ್ಲರಿ" ಎಂದರು. ಗದಗಿನದು, ಬೆಟಗೇರಿಯದು ಅಂತ ಏನಾದರೂ ಒಂದು ಹೇಳಿದ್ದರೂ ನಾನು ನಂಬುತ್ತಿದ್ದೆ. ಹೇಳಲಿಲ್ಲ. ಆರು ಬಾಬಿಗೆ ಮುನ್ನೂರು ರೂಪಾಯಿ ಕೊಟ್ಟರೆ ಐವತ್ತು ವಾಪಸ್ ಮಾಡಿದರು. ಓದಲಿಕ್ಕೆ ಆಗದ್ದಕ್ಕೆ ದುಡ್ಡು ಯಾಕೆ ಅಂತ.

ಹೋಗುವವರಿಗೆ ಕೆಲವು ವಿಷಯ ಹೇಳಬೇಕು. ಕೂಡಲು ಒಂದೇ ಸ್ಟೂಲ್ ಇದೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಕಷ್ಟ. ಮಧ್ಯಾಹ್ನದ ನಂತರ ಕಿಟಕಿಗೆ ಬೆಳಕು ಬರುವುದಿಲ್ಲ, ಅವರೂ ಓದುವುದಿಲ್ಲ. ಹತ್ತರಿಂದ ಒಂದರೊಳಗೆ ಹೋಗಿ. ನನಗೆ ಎರಡು ತಾಸು ಹಿಡಿಯಿತು, ಅವಸರದವರಿಗೆ ಆಗುವುದಿಲ್ಲ. ಮೊಬೈಲಿನ ಫೋಟೋ ನೋಡಿ ಹೇಳುವುದಿಲ್ಲ, ಸಾಮಾನೇ ಬೇಕು. ಬರೆದು ಸಹಿ ಮಾಡಿ ಕೊಡುವುದಿಲ್ಲ. ಇದು ನಿಜವಾಗಿಯೂ ಕೊರತೆ. ಪಾಲು ಮಾಡುವಾಗ ಅಕ್ಕನಿಗೆ ತೋರಿಸಲು ನನ್ನ ಹತ್ತಿರ ಮಷಿನ್ನಿನ ಚೀಟಿ ಮಾತ್ರ ಇತ್ತು. ಇಂಗ್ಲೆಂಡಿನ, ನಮ್ಮ ದೇಶದ ಗುರುತು ಬಿಟ್ಟು ಬೇರೆ ದೇಶದ್ದು ಅವರಿಗೆ ಅಷ್ಟಾಗಿ ಗೊತ್ತಿಲ್ಲ, ಅದನ್ನೂ ಅವರೇ ಹೇಳುತ್ತಾರೆ. ಒಯ್ಯುವ ಮುಂಚೆ ಬೆಳ್ಳಿಯನ್ನು ತಿಕ್ಕಿ ಹೊಳೆಸಬೇಡಿ. ಕಪ್ಪಾಗಿದ್ದರೆ ಹಾಗೇ ಒಯ್ಯಿರಿ. ಹೊಳಪು ಯಾವಾಗ ಬೇಕಾದರೂ ಬರುತ್ತದೆ, ಸವೆದ ಠಸ್ಸೆ ತಿರುಗಿ ಬರುವುದಿಲ್ಲ.

ತಂಬಿಗೆ ಮಾರಲಿಲ್ಲ. ಅಕ್ಕನೇ ಬೇಡ ಅಂದಳು. ೩೬ ಇರುವ ಮಸಿಯ ಹಾಳೆ ನೋಡಿ ಸುಮ್ನೆ ಕೂತುಬಿಟ್ಟಳು, ಆಮೇಲೆ ತಂಬಿಗೆಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅದು ಅವಳಿಗೇ ಹೋಯಿತು. ಡಬ್ಬಿ ನನ್ನ ಹತ್ತಿರ ಇದೆ, ಅದರಲ್ಲಿ ಈಗಲೂ ಅಡಕೆ ಇದೆ.

ಕರಡಿಗೆಯ ಠಸ್ಸೆಯನ್ನು ಪತ್ತಾರರು ತಮ್ಮ ನೋಟ್‌ಬುಕ್ಕಿಗೆ ಅಂಟಿಸಿಕೊಂಡು, ಕೆಳಗೆ 'ಧಾರವಾಡ, ಕರಡಿಗಿ, ಗೊತ್ತಿಲ್ಲ' ಅಂತ ಬರೆದಿದ್ದಾರೆ. ಇನ್ನೊಂದು ಅಂಥದ್ದು ಬಂದರೆ ಫೋನ್ ಮಾಡುತ್ತೇನೆ ಎಂದಿದ್ದಾರೆ. ಗದಗ, ಹಾವೇರಿ, ಧಾರವಾಡ ಕಡೆ ಯಾರ ಮನೆಯಲ್ಲಾದರೂ ಬಿಲ್ವದ ಎಲೆ, ಒಳಗೆ ಒಂದು ಅಕ್ಷರ, ಕೆಳಗೆ ಮೂರು ಚುಕ್ಕೆ ಇರುವ ಬೆಳ್ಳಿ ಇದ್ದರೆ, ಅದನ್ನು ಮಾಡಿದವರ ಹೆಸರು ನಿಮ್ಮ ಹಿರಿಯರಿಗೆ ನೆನಪಿದ್ದರೆ, ದಯವಿಟ್ಟು ಒಮ್ಮೆ ದುರ್ಗದಬೈಲಿಗೆ ಹೋಗಿ ಆ ಪುಟ ತೆಗೆಸಿ ನೋಡಿ.